ಮಸಿ ಬಳಿದುಕೊಂಡ ಭಾನುವಾರ

ಬಾಗಲಕೋಟೆಯಿಂದ ಮಗನ ಮನೆಗೆ ಬಂದು ವಾರವಾದರೂ ಶಿವಬಸಮ್ಮ ಸೊಸೆಯನ್ನು ‘ನೀವು’ ಎಂದೇ ಮಾತಾಡಿಸುತ್ತಿದ್ದರು. ಸುಪ್ರೀತಾ ಹಲಸೂರಿನಲ್ಲಿ ಹುಟ್ಟಿ ಬೆಳೆದವಳು, ದೊಡ್ಡನೆಕ್ಕುಂದಿಯ ಆಫೀಸಿಗೆ ಹೋಗುವವಳು. ಅವಳೆದುರು ಜೋರಾಗಿ ಮಾತಾಡಿದರೆ ಏನಂದುಕೊಳ್ಳುತ್ತಾಳೋ ಎಂದು ಅತ್ತೆಗೆ ಅಂಜಿಕೆ. ತನ್ನ ಅಡುಗೆ ಅತ್ತೆಗೆ ಸೇರುತ್ತಿಲ್ಲವೇನೋ ಎಂದು ಸೊಸೆಗೆ ಅನುಮಾನ. ಮದುವೆಯಾದ ಮೇಲೆ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಇದೇ ಮೊದಲು.

ಭಾನುವಾರ ಬೆಳಿಗ್ಗೆ ಮಗ ಗುರುಕಿರಣ ತರಕಾರಿಗೆಂದು ಸ್ಕೂಟರ್ ಹತ್ತಿ ಕೆ.ಆರ್. ಪುರಂ ಮಾರ್ಕೆಟ್ಟಿಗೆ ಹೋಗಿದ್ದ. ಶಿವಬಸಮ್ಮ ಚಹಾದ ಲೋಟ ಹಿಡಿದು ಕೋಣೆಗೆ ಬಂದವರು, ಕನ್ನಡಿಯ ಮುಂದೆ ಕೂತಿದ್ದ ಸೊಸೆ ತಿರುಗಿದ್ದೇ ತಡ, “ಅಯ್ಯ ನಮ್ಮವ್ವ!” ಎಂದು ಕೂಗಿಬಿಟ್ಟರು. ಅರ್ಧ ಚಹಾ ನೆಲದ ಪಾಲಾಯಿತು. ಸುಪ್ರೀತಾಳ ಮುಖದಲ್ಲಿ ಕಣ್ಣು, ತುಟಿ ಬಿಟ್ಟು ಮಿಕ್ಕಿದ್ದೆಲ್ಲ ಕಡುಗಪ್ಪು.

“ಅತ್ತೆ, ನಾನೇ! ಚಾರ್ಕೋಲ್ ಮಾಸ್ಕ್ ಇದು.”

“ಹಂಗಂದ್ರ?”

“ಇದ್ದಿಲು.”

ಶಿವಬಸಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತರು. “ರೊಕ್ಕ ಕೊಟ್ಟು ಮಾರಿಗೆ ಮಸಿ ಬಳ್ಕೋತೀರೇನ್ರೀ?”

“ಒಲೆ ಇದ್ದಿಲಲ್ಲ ಅತ್ತೆ, ಆಕ್ಟಿವೇಟೆಡ್ ಚಾರ್ಕೋಲ್ ಅಂತ. ತೆಂಗಿನ ಚಿಪ್ಪು ಸುಟ್ಟು, ಮತ್ತೆ ಜೋರು ಬಿಸೀಲಿ ಹದ ಮಾಡಿ ನುಣ್ಣಗೆ ಪುಡಿ ಮಾಡಿರ್ತಾರೆ. ಮುಖದ ಜಿಡ್ಡು ಹೀರ್ಕೊಳ್ಳುತ್ತೆ.”

“ಬೆಳ್ಳಗ ಆಗಾಕೇನು?”

“ಅಯ್ಯೋ, ಬಣ್ಣ ಎಲ್ಲಿ ಬದಲಾಗುತ್ತೆ? ದಿನಾ ಆಫೀಸಿಗೆ ಹೋಗ್ತಾ ಟಿನ್ ಫ್ಯಾಕ್ಟರಿ ಸಿಗ್ನಲ್ ಧೂಳು ಕುಡಿಯೋ ಮುಖ. ತೊಳ್ಕೊಂಡ್ರೆ ಹಗುರ ಅನ್ಸುತ್ತೆ, ಅಷ್ಟೇ.”

ಶಿವಬಸಮ್ಮ ಟ್ಯೂಬನ್ನು ತಿರುಗಿಸಿ ತಿರುಗಿಸಿ ನೋಡಿದರು, ಮೂಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಸೊಸೆಯ ಪಕ್ಕದಲ್ಲೇ ಕೂತರು. “ನನಗೂ ಹಚ್ರಿ.”

ಸುಪ್ರೀತಾಗೆ ನಂಬಲಾಗಲಿಲ್ಲ. ಉರಿ, ತುರಿಕೆ ಆದೀತೆಂದು ಮೊದಲು ಅವರ ಮೊಣಕೈ ಬಳಿ ಚೂರು ಹಚ್ಚಿ ಕಾದಳು. ಏನೂ ಆಗಲಿಲ್ಲ. ಕುಂಕುಮಕ್ಕೆ ಜಾಗ ಬಿಟ್ಟು, ಹಣೆಯಿಂದ ಗಲ್ಲದವರೆಗೆ ಬೆರಳಲ್ಲಿ ಮೆಲ್ಲಗೆ ಸವರಿದಳು. ಶಿವಬಸಮ್ಮ ಕಣ್ಣು ಮುಚ್ಚಿದರು. ಬೇರೆಯವರು ತನ್ನ ಮುಖ ಮುಟ್ಟಿ ಎಷ್ಟು ಕಾಲವಾಗಿತ್ತೋ! “ತಂಪು ಐತಿ,” ಎಂದರು ಸಣ್ಣ ದನಿಯಲ್ಲಿ.

ತೊಳೆಯುವ ಹೊತ್ತಿಗೆ ನಲ್ಲಿ ಒಮ್ಮೆ ಗೊರಗೊರ ಎಂದು ನಿಂತಿತು. ಮಹಡಿಯ ಟ್ಯಾಂಕು ಖಾಲಿ. ಅಡುಗೆಮನೆಯ ಕ್ಯಾನಿನ ತಳದಲ್ಲಿ ಸ್ವಲ್ಪ ನೀರಿತ್ತು. ಸುಪ್ರೀತಾ ಅದಕ್ಕೆ ಕೈ ಹಾಕಿದರೆ ಅತ್ತೆ ತಡೆದರು. “ಕುಡಿಯೂ ನೀರಾಗ ಮಾರಿ ತೊಳಿಯೂದೇನು? ಬ್ಯಾಡ್ರಿ.”

ಅಷ್ಟರಲ್ಲಿ ಕೆಳಗೆ ಟ್ಯಾಂಕರಿನ ಹಾರ್ನ್ ಕೇಳಿಸಿತು. ಹಿಂದೆಯೇ ಮನೆ ಓನರ್ ಗಂಗಲಕ್ಷ್ಮಮ್ಮನ ಕೂಗು: “ಮೋಟ್ರು ಕೆಟ್ಟೋಗದೆ! ಎಲ್ರೂ ಬಕೆಟ್ ತಗೊಂಡು ಕೆಳಗೆ ಬನ್ನಿ!”

“ನಾನು ಹೋಗಲ್ಲ. ಇಡೀ ರಸ್ತೆ ನೋಡುತ್ತೆ,” ಎಂದಳು ಸುಪ್ರೀತಾ.

ಶಿವಬಸಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಬಕೆಟ್ ಎತ್ತಿಕೊಂಡಿದ್ದರು. “ಈ ಮಾರ್ಯಾಗ ನಿನ್ನ ಹೆತ್ತವ್ವ ಬಂದ್ರೂ ಗುರ್ತು ಹಿಡ್ಯಂಗಿಲ್ಲ. ಬಾ, ನೀ ಸುಮ್ನ ಬಾ!”

‘ನೀ’ ಎಂದದ್ದು ಅವರಿಗೇ ಗೊತ್ತಾಗಲಿಲ್ಲ. ಸುಪ್ರೀತಾಗೆ ಗೊತ್ತಾಯಿತು. ಅವಳೂ ಬಕೆಟ್ ಎತ್ತಿಕೊಂಡಳು.

ರಾಮಮೂರ್ತಿ ನಗರದ ಆ ಗಲ್ಲಿಯಲ್ಲಿ ಬಿಂದಿಗೆ, ಡ್ರಮ್ಮುಗಳ ಸಾಲು. ಪೈಪು ಹಿಡಿದು ನಿಂತಿದ್ದ ಡ್ರೈವರ್ ಅಹ್ಮದ್ ಪಾಷಾ ಇಬ್ಬರನ್ನೂ ನೋಡಿ, “ಯಾ ಅಲ್ಲಾ!” ಎಂದು ಹಿಂದೆ ಜಿಗಿದ. ಪೈಪು ದಾರಿ ತಪ್ಪಿ ಗಂಗಲಕ್ಷ್ಮಮ್ಮನ ಸೀರೆ ತೋಯಿಸಿತು. “ಏನಮ್ಮಾ, ಮೇಲೆ ಗ್ಯಾಸ್ ಒಡೀತಾ?” ಎಂದ ಅವನು.

“ಗ್ಯಾಸ್ ಅಲ್ಲಪಾ, ಬ್ಯೂಟಿ!” ಎಂದರು ಶಿವಬಸಮ್ಮ, ಇಡೀ ಗಲ್ಲಿಗೆ ಕೇಳುವಂತೆ.

ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಪ್ರೀತಾಗೂ ತಡೆಯಲಾಗಲಿಲ್ಲ. ನಕ್ಕಹಾಗೆಲ್ಲ ಒಣಗಿದ ಲೇಪ ಕೆನ್ನೆಯಲ್ಲಿ ಕೆರೆಯ ತಳದಂತೆ ಬಿರಿಯುತ್ತಿತ್ತು. ಆಗಲೇ ಗುರುಕಿರಣನ ಸ್ಕೂಟರ್ ಬಂತು. ಕಾಲಿನ ಬಳಿ ಸೊಪ್ಪು, ಈರುಳ್ಳಿಯ ಚೀಲ. ಹಾರ್ನ್ ಹೊಡೆದು, “ಆಂಟಿ, ಸ್ವಲ್ಪ ಜಾಗ ಬಿಡಿ,” ಎಂದ.

“ಯಾರಿಗೋ ಆಂಟಿ ಅಂತಿ? ಹೆತ್ತವ್ವನ ಗುರ್ತು ಸಿಗವಲ್ದೇನು?”

ಗುರುಕಿರಣ ತಾಯಿಯನ್ನು ನೋಡಿದ, ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಿದ, ಸ್ಟ್ಯಾಂಡು ಹಾಕುವುದನ್ನೇ ಮರೆತ. ಸ್ಕೂಟರ್ ವಾಲಿ ಈರುಳ್ಳಿಯೆಲ್ಲ ರಸ್ತೆಗೆ ಉರುಳಿತು.

ಅಹ್ಮದ್ ಪಾಷಾ ಪೈಪನ್ನು ಸಣ್ಣಗೆ ಬಿಟ್ಟ. ಅತ್ತೆ ಸೊಸೆ ಅಲ್ಲೇ ಬಗ್ಗಿ ಮುಖ ತೊಳೆದರು; ಮೊದಲು ಸೊಸೆ ಅತ್ತೆಯ ಕಿವಿಯ ಹಿಂದೆ ಉಜ್ಜಿದಳು, ಆಮೇಲೆ ಅತ್ತೆ ಸೊಸೆಯ ಕತ್ತನ್ನು. ಶಿವಬಸಮ್ಮ ತಮ್ಮ ಕೆನ್ನೆ ಮುಟ್ಟಿಕೊಂಡು, “ಭಾರಿ ನುಣ್ಣಗ ಆತಲ್ಲ!” ಎಂದರು. ಗಂಗಲಕ್ಷ್ಮಮ್ಮ ಒದ್ದೆ ಸೀರೆಯಲ್ಲೇ ಹತ್ತಿರ ಬಂದರು. ಬಾಡಿಗೆದಾರರೆಲ್ಲ ಹೆದರುತ್ತಿದ್ದ ಹೆಂಗಸು. ಈಗ ಬೈಗುಳ ಖಂಡಿತ ಎಂದುಕೊಂಡಳು ಸುಪ್ರೀತಾ. ಅವರು ಶಿವಬಸಮ್ಮನ ಕೆನ್ನೆಯನ್ನು ಒಂದು ಬೆರಳಿನಿಂದ ಒತ್ತಿ ನೋಡಿದರು.

“ಮಿಕ್ಕದಾ ಸ್ವಲ್ಪ?”

ಮಧ್ಯಾಹ್ನ ಊಟವಾದ ಮೇಲೆ ಓನರ್ ಮನೆಯ ಮೆಟ್ಟಿಲ ಮೇಲೆ ಗಂಗಲಕ್ಷ್ಮಮ್ಮ ಕಣ್ಣು ಮುಚ್ಚಿ, ತಲೆ ಎತ್ತಿ ಕೂತಿದ್ದರು. ಶಿವಬಸಮ್ಮ ಅವರಿಗೆ ತೆಂಗಿನ ಚಿಪ್ಪಿನ ವಿಚಾರವನ್ನು ಸುಡುವುದರಿಂದ ಹಿಡಿದು ವಿವರಿಸುತ್ತ, ಟ್ಯೂಬು ಹಿಂಡಿ ಹಿಂಡಿ ಹಚ್ಚುತ್ತಿದ್ದರು. “ಸುಪ್ರೀತಾ, ಮೂಗಿಗೆ ಕಮ್ಮಿ ಬಿತ್ತು, ಇನ್ನೊಂದು ತಾ!” ಎಂದರು. ಸುಪ್ರೀತಾ ಮೇಲಕ್ಕೆ ಓಡಿದಳು.