ಗಾಜಿನ ಒಳಬದಿಯ ಮಂಜು

ಕೈಗಡಿಯಾರ ರಿಪೇರಿ ಮಾಡುವವರಲ್ಲಿ ಬಾಯಿಂದ ಊದುವವನಷ್ಟು ದೊಡ್ಡ ಪಾಪಿ ಇನ್ನೊಬ್ಬನಿಲ್ಲ ಎಂಬುದು ಮಾವನವರ ಗಟ್ಟಿ ನಂಬಿಕೆ. ಡಯಲ್ ಮೇಲೆ ಧೂಳು ಕೂತಿದ್ದರೆ ರಬ್ಬರ್ ಬುರುಡೆ ಒತ್ತಿ ಗಾಳಿ ಬಿಡಬೇಕು. ಹಿಂದಿನ ಮುಚ್ಚಳ ಹಾಕುವಾಗ ಉಸಿರು ಬಿಗಿಹಿಡಿಯಬೇಕು. ಮನುಷ್ಯನ ಉಸಿರಿನಲ್ಲಿ ನೀರಿದೆ, ಅದು ಒಳಗೆ ಸಿಕ್ಕಿಕೊಂಡರೆ ತುಕ್ಕು ಗ್ಯಾರಂಟಿ. ಇಷ್ಟು ಸಣ್ಣ ಮಾತು ಅವರ ಒಬ್ಬನೇ ಮಗನ ತಲೆಗೆ ಕೊನೆಯವರೆಗೂ ಹತ್ತಲಿಲ್ಲ. ಅವನು ಲವಂಗ ಜಗಿಯುತ್ತ, ಯಾವುದೋ ರಾಗ ಗುನುಗುತ್ತ ಕೆಲಸ ಮಾಡಿ, ಕಡೆಗೊಮ್ಮೆ 'ಉಫ್' ಎಂದು ಊದಿಯೇ ಮುಚ್ಚಳ ಒತ್ತುತ್ತಿದ್ದ.

"ಗಡಿಯಾರ ಕೊಡು ಅಂದ್ರೆ ನಿನ್ನ ಉಸಿರನ್ನೂ ಪೊಟ್ಟಣ ಕಟ್ಟಿ ಕೊಡ್ತೀಯಲ್ಲೋ!" ಎಂದು ಅಪ್ಪ ಕೂಗಾಡಿದರೆ, "ಅದು ಬಿಟ್ಟಿ, ಅಪ್ಪಾ" ಎಂದು ನಗುತ್ತಿದ್ದ.

ಶ್ವಾಸಕೋಶದ ಕಾಯಿಲೆ ಅವನನ್ನು ಒಯ್ದು ಹತ್ತಿರ ಹತ್ತಿರ ವರ್ಷವಾಗಿತ್ತು. ಈಗ ಅವನ ಕುರ್ಚಿಯಲ್ಲಿ ಅವನ ಹೆಂಡತಿ ಕೂರುತ್ತಿದ್ದಳು. ಮಾವನವರ ಕೈ ನಡುಗಲು ಶುರುವಾದ ಮೇಲೆ ಅವರು ಬಾಗಿಲ ಪಕ್ಕದ ಸ್ಟೂಲು ಹಿಡಿದಿದ್ದರು. ಬಂದವರಿಗೆ 'ಬನ್ನಿ', ಎದ್ದವರಿಗೆ 'ಹೋಗಿ ಬನ್ನಿ' ಎನ್ನುವುದು, ನಡುನಡುವೆ ಸೊಸೆಯ ಕೆಲಸದಲ್ಲಿ ಹುಳುಕು ಹುಡುಕುವುದು, ಇದು ಅವರ ದಿನಚರಿ. ಒಂದು ವಿಷಯದಲ್ಲಿ ಮಾತ್ರ ಅವರು ಸೊಸೆಯನ್ನು ಬಾಯಿತುಂಬ ಹೊಗಳುತ್ತಿದ್ದರು. "ಇವಳು ಉಸಿರು ಹಿಡಿದಳು ಅಂದ್ರೆ ಮೀನೂ ನಾಚಬೇಕು ನೋಡಿ." ಆ ವಿದ್ಯೆ ಎಲ್ಲಿ ಕಲಿತೆ ಎಂದು ಅವರು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿದ್ದ ಒಂದು ಮಧ್ಯಾಹ್ನ, ಎದುರು ಬೀದಿಯ ದರ್ಜಿ ಹೆಂಗಸು ಬಂದು ಟೇಬಲ್ಲಿನ ಮೇಲೆ ಒಂದು ಹಳೆಯ ಕೈಗಡಿಯಾರ ಇಟ್ಟಳು. ಕೀಲಿ ಕೊಡುವ ಜಾತಿಯದು. ಗಾಜಿನ ಒಳಗೆ ದಟ್ಟವಾಗಿ ಮಂಜು ಕಟ್ಟಿ, ಮುಳ್ಳುಗಳು ಎಲ್ಲಿವೆಯೋ ಕಾಣುತ್ತಿರಲಿಲ್ಲ.

"ಅಪ್ಪಂದು ಅಕ್ಕಾ. ನಿಮ್ಮಲ್ಲೇ ರಿಪೇರಿಯಾಗಿ ಬಂದದ್ದು, ಆಮೇಲೆ ಬೀರುವಿನಲ್ಲೇ ಇತ್ತು. ಈಗ ಅವರಿಗೆ ಕಣ್ಣು ಪೂರ್ತಿ ಹೋಯ್ತು. ಗೋಡೆ ಗಡಿಯಾರ ಇದ್ದೂ ಇಲ್ಲದ ಹಾಗೆ. ಇದನ್ನ ಕಿವಿಗೆ ಹಿಡ್ಕೊಂಡು ಮಲಗ್ತೀನಿ, ಟಿಕ್ ಟಿಕ್ ಕೇಳಿದ್ರೆ ಸಾಕು, ಕತ್ತಲೆ ಅನ್ಸಲ್ಲ ಅಂತಾರೆ. ಒಂದೇ ಹಟ."

"ನೋಡ್ತೀನಿ ತಂಗಿ."

"ಆಗ್ಲಿಲ್ಲ ಅಂದ್ರೆ ನೀವೇ ಇಟ್ಕೊಳ್ಳಿ, ಬಿಡಿಭಾಗಕ್ಕಾದ್ರೂ ಬರುತ್ತೆ. ಅಪ್ಪಂಗೆ ನಾನೇ ಏನಾದ್ರೂ ಹೇಳಿ ಸಮಾಧಾನ ಮಾಡ್ತೀನಿ."

ದರ್ಜಿ ಹೋದ ಮೇಲೆ ಅವಳು ಮುಚ್ಚಳ ತಿರುಗಿಸಿ ತೆಗೆದಳು. ತೆಗೆದವಳ ಕೈ ಅಲ್ಲೇ ನಿಂತಿತು. ಲವಂಗದ ವಾಸನೆ. ಡಬ್ಬಿಯಲ್ಲಿ ಒಣಗಿದ ಲವಂಗದ್ದಲ್ಲ, ಈಗಷ್ಟೇ ಜಗಿದ ಬಾಯಿಯದು. ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ಗೀರಿದ ಗುರುತು, ಒಂದು ಸುಳಿ, ಕೆಳಗೊಂದು ಚುಕ್ಕೆ. ಬಿಚ್ಚಿದ ಗಡಿಯಾರದೊಳಗೆ ತಮ್ಮ ಗುರುತು ಗೀರುವುದು ಈ ಕಸುಬಿನವರ ಪದ್ಧತಿ. ಈ ಸುಳಿ ಅವಳ ಗಂಡನದು.

ಅವಳು ಮಾವನವರ ಕಡೆ ಬೆನ್ನು ಮಾಡಿ ಕೂತು, ಮಾಡಬೇಕಾದ್ದನ್ನೆಲ್ಲ ಮಾಡಿದಳು. ಮೆಷೀನನ್ನು ಹೊರಗೆ ತೆಗೆದು ತೊಳೆದಳು, ದೀಪದ ಕೆಳಗೆ ಹದವಾದ ಬಿಸಿಯಲ್ಲಿ ಒಣಗಿಸಿದಳು, ಎಣ್ಣೆ ಬಿಟ್ಟಳು, ಬಿರುಕುಬಿಟ್ಟಿದ್ದ ರಬ್ಬರ್ ವಾಷರ್ ಬದಲಿಸಿದಳು. ಕೂದಲೆಳೆಯಂಥ ಸ್ಪ್ರಿಂಗಿನ ತುದಿಯಲ್ಲಿ ತುಕ್ಕು ಆಗತಾನೇ ಇಣುಕುತ್ತಿತ್ತು, ಅದನ್ನೂ ಬಿಡಿಸಿದಳು. ಕೊನೆಗೆ ಉಸಿರು ಬಿಗಿಹಿಡಿದು ಮುಚ್ಚಳ ಬಿಗಿದಳು. ಗಡಿಯಾರ ಓಡಿತು.

ಮರುದಿನ ಅಂಗಡಿ ತೆರೆದಾಗ ಗಾಜಿನೊಳಗೆ ಮತ್ತೆ ಮಂಜು.

"ಊದಿದೆಯಾ?" ಮಾವ ಸ್ಟೂಲಿನಿಂದಲೇ ಕೇಳಿದರು.

"ಇಲ್ಲ ಮಾವ."

"ಅವನೂ ಹಾಗೇ ಅಂತಿದ್ದ. ಕಳ್ಳ ನನ್ಮಗ."

ಅವಳು ಪರೀಕ್ಷೆ ಮಾಡಿದಳು. ಗಡಿಯಾರವನ್ನು ದೀಪದ ಕೆಳಗೆ ಬೆಚ್ಚಗೆ ಮಾಡಿ, ಗಾಜಿನ ಮೇಲೆ ತಣ್ಣೀರಿನ ಹನಿ ಇಟ್ಟು ಕಾಯುವುದು. ಒಳಗೆ ತೇವವಿದ್ದರೆ ಹನಿಯ ನೇರಕ್ಕೆ ಮಂಜು ಕಟ್ಟುತ್ತದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಹಿಡಿದು ಬಾಗಿದಳು. ಹನಿಯ ಕೆಳಗಲ್ಲ, ಇಡೀ ಗಾಜಿಗೇ ಮಂಜು ಹರಡಿತು. ಬೆದರಿ ಅವಳು ಉಸಿರು ಬಿಟ್ಟಳು. ಮಂಜು ಸರಿಯಿತು. ಮತ್ತೆ ಹಿಡಿದಳು, ಮತ್ತೆ ಬಂತು. ಬಿಟ್ಟಳು, ಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಗಡಿಯಾರ ಅಲ್ಲೇ ಎಸೆದು ಬೀದಿಗೆ ಓಡುತ್ತಿದ್ದರು. ಅವಳೂ ಹೆದರಿದಳು. ಆದರೆ ಹೆದರಿಕೆಯ ಹಿಂದೆಯೇ ನಾಚಿಕೆಗೆಟ್ಟ ಒಂದು ಸಂತೋಷವೂ ನುಗ್ಗಿ ಬಂತು. ಅವನ ಅಂಗಿಗಳ ವಾಸನೆ ಒಗೆತಕ್ಕೆ ಹೋಗಿತ್ತು. ದಿಂಬಿನದು ಗಾಳಿಗೆ ಹೋಗಿತ್ತು. ಅವನ ಈ ಉಸಿರೊಂದು ದರ್ಜಿಯ ಬೀರುವಿನಲ್ಲಿ ಬಿಗಿಯಾಗಿ ಉಳಿದುಬಿಟ್ಟಿತ್ತು.

ಆಮೇಲೆ ಅವಳು ಆ ಗಡಿಯಾರವನ್ನು ಒಣಗಿಸುವ ಗೋಜಿಗೆ ಹೋಗಲಿಲ್ಲ. ಊಟದ ಡಬ್ಬಿ ಬಿಚ್ಚಿದರೆ ಪಕ್ಕದಲ್ಲಿ ಅದು. ಬೇರೆ ಗಡಿಯಾರ ಕೈಲಿದ್ದರೂ ಕಣ್ಣು ಅದರ ಮೇಲೆ. ಉಸಿರು ಹಿಡಿಯುವುದು, ಅವನು ಬರುವುದನ್ನು ನೋಡುವುದು. ಟಿಕ್ ಟಿಕ್ ದಿನೇದಿನೇ ಕುಂಟತೊಡಗಿತ್ತು. ತುಕ್ಕು ಮತ್ತೆ ಏರುತ್ತಿದೆ, ಹೀಗೇ ಬಿಟ್ಟರೆ ಗಡಿಯಾರ ಸತ್ತೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸತ್ತರೆ ಒಳ್ಳೆಯದೇ ಆಯಿತು, 'ಆಗಲಿಲ್ಲ' ಎಂಬ ಒಂದು ಮಾತಿಗೆ ಅದು ತನ್ನದಾಗುತ್ತದೆ. ಕಣ್ಣಿಲ್ಲದ ಮುದುಕರ ಕಿವಿ ಬರಿದಾಗುತ್ತದೆ ಎಂಬ ಯೋಚನೆ ಬಂದಾಗಲೆಲ್ಲ ಅದನ್ನು ಪಕ್ಕಕ್ಕೆ ತಳ್ಳಿದಳು.

ದರ್ಜಿ ವಿಚಾರಿಸಲು ಬಂದಳು. "ಕಷ್ಟ ತಂಗಿ" ಎಂದಳು ಇವಳು, ಮುಖ ನೋಡದೆ. "ಸಂಜೆ ಬಾ, ಒಂದು ಮಾತು ಹೇಳಿಬಿಡ್ತೀನಿ."

ಮಾವ ಸ್ಟೂಲನ್ನು ಟೇಬಲ್ಲಿನ ಕಡೆ ತಿರುಗಿಸಿಕೊಂಡು ಕೂತರು.

ದರ್ಜಿ ರಸ್ತೆ ದಾಟಿದ ಮೇಲೆ ಅವಳು ಗಡಿಯಾರವನ್ನು ಕೈಗೆತ್ತಿಕೊಂಡಳು. ಈ ಸಲ ಉಸಿರು ಹಿಡಿದು, ಬಿಡದೆ, ತುಂಬ ಹೊತ್ತು ನೋಡಿದಳು. ಮಂಜು ಬಂದು ಹೋಯಿತು. ಚಿಕ್ಕದೊಂದು, ಅದರ ಹಿಂದೆ ಚಿಕ್ಕದೊಂದು, ಆಮೇಲೆ ಏನೂ ಇಲ್ಲ. ಗಾಜು ಖಾಲಿ. ಅವಳ ಎದೆ ಉರಿಯತೊಡಗಿತು. ಆಗ ಗಾಜಿನ ಅಂಚಿನಿಂದ ಕಷ್ಟಪಟ್ಟು ಎಳೆದ ಹಾಗೆ ದೊಡ್ಡದೊಂದು ಮಂಜು ಎದ್ದು, ನಡುಗುತ್ತ ನಿಂತಿತು.

ಈ ಲೆಕ್ಕ ಅವಳಿಗೆ ಬಾಯಿಪಾಠವಾಗಿತ್ತು. ಆಸ್ಪತ್ರೆಯ ಕಬ್ಬಿಣದ ಮಂಚದ ಪಕ್ಕ ಕೂತು ಅವಳು ಕೇಳಿದ್ದ ಉಸಿರು ಇದು. ಅವನದು ನಿಂತಾಗ ತಾನೂ ಉಸಿರು ಹಿಡಿಯುತ್ತಿದ್ದಳು. ನೀನು ತೆಗೆದುಕೊಂಡರೆ ಮಾತ್ರ ನಾನು ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿಯುತ್ತಿದ್ದಳು. ಆ ಹಟಕ್ಕೆ ಅವನು ಮತ್ತೊಮ್ಮೆ ಎಳೆಯುತ್ತಿದ್ದ, ಕಣ್ಣಲ್ಲಿ ಬೇಡುತ್ತ, ಸಾಕು ಬಿಡು ಎಂಬಂತೆ. ಉಸಿರು ಹಿಡಿಯುವ ವಿದ್ಯೆ ಅವಳು ಕಲಿತದ್ದು ಅಲ್ಲಿ.

ಇಷ್ಟು ದಿನ ಅವನು ತನ್ನನ್ನು ನೋಡಲು ಬರುತ್ತಿದ್ದಾನೆ ಎಂದುಕೊಂಡಿದ್ದಳು. ಬರುತ್ತಿರಲಿಲ್ಲ. ಎಳೆತರುತ್ತಿದ್ದವಳು ಅವಳು.

"ಮಾವ" ಎಂದಳು.

ಅವರು ಆಗಲೇ ಬಂದು ಹಿಂದೆ ನಿಂತಿದ್ದರು. ಗಾಜನ್ನೂ ನೋಡಿದರು, ಸೊಸೆಯ ಬಿಗಿದ ಬಾಯನ್ನೂ ನೋಡಿದರು. ಅವಳು ಮುಚ್ಚಳ ತೆಗೆದು, ಒಳಗಿನ ಸುಳಿಯನ್ನು ಅವರ ಕಣ್ಣಿಗೆ ಹಿಡಿದಳು. ಲವಂಗದ ವಾಸನೆ ಅವರಿಬ್ಬರ ನಡುವೆ ಎದ್ದಿತು. ಮಾವನವರ ಮುಖ ಬಣ್ಣಗೆಟ್ಟಿತು.

"ಉಸಿರು ಬಿಡಮ್ಮ" ಎಂದರು, ಬಹಳ ಮೆಲ್ಲಗೆ. "ಬಿಟ್ಟುಬಿಡು."

"ತುಕ್ಕು ಹಿಡಿಯುತ್ತೆ ಮಾವ."

"ಹಿಡೀಲಿ. ಊದು."

ಅವಳು ಬಾಗಿ, ತೆರೆದ ಮೆಷೀನಿನ ಮೇಲೆ, ಎದೆಯಲ್ಲಿದ್ದದ್ದೆಲ್ಲ ಬರಿದಾಗುವ ತನಕ ಊದಿದಳು. ಉಫ್. ಅವನು ಊದುತ್ತಿದ್ದ ಹಾಗೇ.

ಟೇಬಲ್ಲಿನ ಪಕ್ಕದ ಗೋಡೆಯಲ್ಲಿ ತೂಗಿದ್ದ ಗಡಿಯಾರದ ಗಾಜು ಮಂಜಾಯಿತು. ಮರುಕ್ಷಣ ಅದು ತಿಳಿಯಾಗಿ, ಪಕ್ಕದ್ದು ಮಂಜಾಯಿತು. ಅದರ ಪಕ್ಕದ್ದು. ಸಾಲಾಗಿ, ಅವಸರವಿಲ್ಲದೆ, ಗೋಡೆಯುದ್ದಕ್ಕೂ ಗಾಜಿನಿಂದ ಗಾಜಿಗೆ ಅದು ನಡೆಯುತ್ತ ಹೋಗಿ ಮುಚ್ಚಿದ ಬಾಗಿಲಿನ ಗಾಜಿನ ಮೇಲೆ ಬಂದು ನಿಂತಿತು. ನಿಂತ ಮನುಷ್ಯನ ಬಾಯಿ ಇರುವಷ್ಟು ಎತ್ತರಕ್ಕೆ, ಒಂದು ಬಿಳಿಯ ವೃತ್ತ. ಹೊರಗೆ ಕಣ್ಣು ಕುಕ್ಕುವ ಬಿಸಿಲು.

ಮಾವ ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆರೆದರು. ಬೀದಿಯ ಬಿಸಿ ಗಾಳಿ ಒಳಗೆ ಬಂತು. ಜೀವಮಾನವಿಡೀ ಆ ಅಂಗಡಿಯಿಂದ ಎದ್ದವರಿಗೆಲ್ಲ 'ಹೋಗಿ ಬನ್ನಿ' ಎಂದಿದ್ದ ಮನುಷ್ಯ ಈಗ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಹೋಗು ಮಗನೇ" ಎಂದರು. ಬಾ ಅನ್ನಲಿಲ್ಲ.

ಬಾಗಿಲ ಗಾಜಿನ ಮೇಲಿನ ಬಿಳುಪು ಅಂಚಿನಿಂದ ಸಣ್ಣದಾಗುತ್ತ ಹೋಗಿ ಇಲ್ಲವಾಯಿತು. ಅವಳು ಎಷ್ಟೋ ತಿಂಗಳ ಮೇಲೆ ಬಾಯಿ ತೆರೆದು, ಸದ್ದು ಮಾಡಿ ಅತ್ತಳು. ಮಾವ ಬಾಗಿಲು ಮುಚ್ಚದೆ ಹಾಗೇ ನಿಂತಿದ್ದರು, ಬೆನ್ನು ಅಲುಗುತ್ತಿತ್ತು.

"ಏನು ನೋಡ್ತಿದ್ದೀಯ? ಮೆಷೀನೆಲ್ಲ ಒದ್ದೆ ಮಾಡಿಟ್ಟಿದ್ದೀಯಲ್ಲ" ಎಂದರು ತಿರುಗದೆಯೇ. "ಸಂಜೆ ಆ ಹುಡುಗಿ ಬರ್ತಾಳೆ. ಬಿಚ್ಚಿ ಒಣಗಿಸು."