ಹೆಸರು ಹಿಡಿದು ಬೇಡಿದ್ದು

ನನ್ನ ಮೊಮ್ಮಗಳಿಗೆ ಏಳು ತುಂಬುವ ಮೊದಲೇ ರಕ್ತದ ಕ್ಯಾನ್ಸರ್ ಬಂತು. ಬಿ ಎಂಬ ಜಾತಿಯ ಬಿಳಿ ರಕ್ತಕಣಗಳು ಬಲಿಯುವ ಮೊದಲೇ ಹೆಚ್ಚಿ, ಮೂಳೆಯ ಮಜ್ಜೆಯನ್ನೆಲ್ಲ ತುಂಬಿಕೊಂಡಿವೆ ಎಂದು ಡಾಕ್ಟರಮ್ಮ ತಿಳಿಸಿದ್ದರು. ಆ ಕಣಗಳ ಮೈಮೇಲಿನ ಒಂದು ಗುರುತು ಹಿಡಿದು ಕೊಲ್ಲುವ ಔಷಧಿ ಪಂಪಿನಿಂದ ಹನಿಹನಿಯಾಗಿ ಅವಳ ಮೈಗೆ ಇಳಿಯುತ್ತಿತ್ತು.

ನಾನು ಹಾಸಿಗೆಯ ಪಕ್ಕ ಕುಳಿತು ದೇವರನ್ನು ಬೇಡುತ್ತಿದ್ದೆ. ಮಗುವಿಗೆ ಅದರ ಮೇಲೂ ಮೇಸ್ತ್ರಿಕೆ.

“ತಾತ, ಸುಮ್ನೆ ಕಾಪಾಡಪ್ಪ ಅಂದ್ರೆ ದೇವರಿಗೆ ಏನ್ ಗೊತ್ತಾಗುತ್ತೆ? ಔಷಧಿಗೇ ಗುರುತು ಬೇಕು. ಬಿ ಕಣ ಹೋಗ್ಲಿ ಅಂತ ಬಿಡಿಸಿ ಹೇಳು.”

“ಹೇಳ್ತೀನಿ ಕಣೇ ತಾಯಿ.”

“ಹಾಗೇ ನಿನ್ ಬೋಳು ತಲೆಗೆ ಕೂದ್ಲೂ ಕೇಳ್ಕೋ. ನಂದು ಔಷಧಿಗೆ ಉದುರಿದ್ದು, ವಾಪಸ್ ಬರುತ್ತೆ. ನಿಂದು ಬರಲ್ಲ.”

ಇಬ್ಬರೂ ನಕ್ಕೆವು. ಅಂದಿನಿಂದ ಅವಳು ಹೇಳಿದಂತೆಯೇ ಬೇಡಿದೆ.

ಮಜ್ಜೆಯ ಪರೀಕ್ಷೆ ಮತ್ತೊಮ್ಮೆ ಆಯಿತು. ಡಾಕ್ಟರಮ್ಮ ನನ್ನನ್ನೂ ಮಗುವಿನ ತಾಯಿಯಾದ ನನ್ನ ಮಗಳನ್ನೂ ತಮ್ಮ ಕೋಣೆಗೆ ಕರೆದರು. ಮಗಳು ಬಸ್ ಕಂಡಕ್ಟರ್, ಸಮವಸ್ತ್ರದಲ್ಲೇ ಓಡಿಬಂದಿದ್ದಳು.

“ಬಿ ಕಣ ಒಂದೂ ಕಾಣ್ತಿಲ್ಲ” ಎಂದರು ಡಾಕ್ಟರಮ್ಮ.

ನಾನು ಎದ್ದು ಕೈ ಮುಗಿದೆ. “ದೇವರು ದೊಡ್ಡವನು” ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಅವರು ನನ್ನ ತೋಳು ಹಿಡಿದು ಕೂರಿಸಿದರು.

“ಯಜಮಾನ್ರೇ, ಪೂರ್ತಿ ಕೇಳಿ. ಕ್ಯಾನ್ಸರ್ ಹೋಗಿಲ್ಲ. ಅದೇ ರೋಗದ ಕಣಗಳು ಆ ಗುರುತು ಕಳಚ್ಕೊಂಡು, ರಕ್ತದ ಇನ್ನೊಂದು ಕವಲಿನ ಕಣಗಳಾಗಿ ಬೆಳೀತಿವೆ. ಈ ಔಷಧಿಗೆ ಅವು ಕಾಣೋದೇ ಇಲ್ಲ. ಅಪರೂಪಕ್ಕೆ ಹೀಗಾಗುತ್ತೆ.”

“ಬೇರೆ ಔಷಧಿ?” ಮಗಳು ಕೇಳಿದಳು.

“ಇದೆ, ಕೊಡೋಣ. ಆದ್ರೆ ತುಂಬಾ ಸ್ಟ್ರಾಂಗು. ಅವಳ ಮೈ ತಡೆಯುತ್ತೆ ಅಂತ ಮಾತು ಕೊಡೋಕಾಗಲ್ಲ.”

ಮಗಳು ನನ್ನ ಕಡೆ ನೋಡಿದಳು. “ಕೈ ಇಳಿಸಪ್ಪಾ.”

ಅವು ಇನ್ನೂ ಮುಗಿದೇ ಇದ್ದವು.

ಹೊಸ ಔಷಧಿ ಶುರುವಾಯಿತು. ಬಾಯೆಲ್ಲ ಹುಣ್ಣಾಗಿ, ಮಗುವಿಗೆ ಒಂದು ಗುಟುಕು ನೀರು ನುಂಗುವುದೂ ಕಷ್ಟವಾಯಿತು. ಜ್ವರ ಇಳಿಯಲಿಲ್ಲ. ನನಗೆ ಹೇಳಿಕೊಡುವ ತ್ರಾಣ ಅವಳಲ್ಲಿ ಉಳಿಯಲಿಲ್ಲ. ಕೊನೆಗೆ, ರೋಗ ಬಗ್ಗುತ್ತಿಲ್ಲವೆಂದು ಡಾಕ್ಟರಮ್ಮ ಅದನ್ನು ನಿಲ್ಲಿಸಿ, ನೋವು ತಗ್ಗಿಸುವ ಔಷಧಿಯೊಂದನ್ನೇ ಉಳಿಸಿದರು. ಮಗಳು ಹಾಸಿಗೆ ಹತ್ತಿ, ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ನಾನು ಕಾಲಿನ ಬಳಿ ಕುಳಿತೆ. ಉಳಿಸಿಕೊಡು ಎನ್ನಲು ಬಾಯಿ ಬರಲಿಲ್ಲ. ಇನ್ನು ನೋಯಿಸಬೇಡ ಎಂದಷ್ಟೇ ಬೇಡಿದೆ.

ಅದನ್ನು ಅವನು ನಡೆಸಿಕೊಟ್ಟ. ಸಂಜೆ ಮಗು ನಿದ್ದೆಯಲ್ಲೇ ಹೋಯಿತು. ಅವನ ಉಪಕಾರ ನೆನೆಯಬೇಕೆಂದು ನನಗೆ ಗೊತ್ತು. ಇನ್ನೂ ನೆನೆದಿಲ್ಲ.