ಲಾಂಡ್ರಿ ಅಜ್ಜಿ ತೊಳೆದ ಮರಳು

ಮಗುವಿಗೆ ಮತ್ತೆ ಭೇದಿ ಶುರುವಾಗಿತ್ತು. ತಾಯಿ ಅರ್ಧ ಹೊಲಿದ ಅಂಗಿಯನ್ನು ಮೆಷಿನ್ ಮೇಲೆಯೇ ಬಿಟ್ಟು ಮಗುವನ್ನು ಎತ್ತಿಕೊಂಡು ಕೂತಿದ್ದಳು. ಅವಳಿಗೆ ಒಂದೇ ಒಗಟು. ಮನೆಗೆ ಮರಳಿನ ಫಿಲ್ಟರ್ ಬಂದ ಮೇಲೆ ಮಗು ಗುಂಡುಗುಂಡಾಗಿ ಆಡಿಕೊಂಡಿತ್ತು. ಅದೇ ಫಿಲ್ಟರ್, ಅದೇ ಬಾವಿಯ ನೀರು. ಈಗೇನಾಯಿತು?

ಅತ್ತೆಯ ಹತ್ತಿರ ಉತ್ತರ ಸಿದ್ಧವಿತ್ತು. ಬೀದಿಗೆಲ್ಲ ಲಾಂಡ್ರಿ ಅಜ್ಜಿಯಾಗಿದ್ದ ಅವರು ಊರವರ ಬಟ್ಟೆ ಒಗೆದೇ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವರು. ಅವರ ಕಣ್ಣಿಗೆ ಬಿದ್ದ ಕೊಳೆ ಉಳಿದದ್ದಿಲ್ಲ. ಸೊಸೆ ಪಾತ್ರೆ ನೆಟ್ಟಗೆ ತೊಳೆಯುವುದಿಲ್ಲ, ಅದಕ್ಕೇ ಮೊಮ್ಮಗಳ ಹೊಟ್ಟೆ ಕೆಟ್ಟಿದೆ ಎಂದು ಅವರು ತೀರ್ಪು ಕೊಟ್ಟರು. ಸೊಸೆ ಊರಿನ ಆರೋಗ್ಯ ಕಾರ್ಯಕರ್ತೆಗೆ ಹೇಳಿಕಳಿಸಿದಳು. ಮಗುವಿನ ಕಣ್ಣು ಗುಳಿಬಿದ್ದದ್ದು ನೋಡಿ ಅವಳಿಗೆ ಜೀವವೇ ಬಾಯಿಗೆ ಬಂದಿತ್ತು.

ಆರೋಗ್ಯ ಕಾರ್ಯಕರ್ತೆ ಬಂದವಳೇ ಕುದಿಸಿ ಆರಿಸಿದ ನೀರಿಗೆ ಓಆರ್‌ಎಸ್ ಕಲಸಿ ಚಮಚದಲ್ಲಿ ಕುಡಿಸಿದಳು. ಮಗು ಕಣ್ಣರಳಿಸಿದ ಮೇಲೆ ಫಿಲ್ಟರಿನ ಮುಚ್ಚಳ ತೆಗೆದು ಇಣುಕಿದಳು. ಸೊಂಟದೆತ್ತರದ ಸಿಮೆಂಟ್ ಪೆಟ್ಟಿಗೆ, ಒಳಗೆಲ್ಲ ಮರಳು. ಆ ಮರಳು ಫಳಫಳ ಹೊಳೆಯುತ್ತಿತ್ತು.

“ಇದನ್ನ ಯಾರು ತೊಳೆದ್ರು?”

“ನಾನೇ,” ಎಂದರು ಅಜ್ಜಿ ಹೆಮ್ಮೆಯಿಂದ. ಹೋದ ವಾರ ಸೊಸೆ ಸಂತೆಗೆ ಹೋಗಿದ್ದಾಗ ಒಳಗೆ ಏನಿದೆ ನೋಡೋಣ ಎಂದು ಮುಚ್ಚಳ ತೆಗೆದರೆ ಕಂದು ಬಣ್ಣದ ಲೋಳೆ ಕಟ್ಟಿತ್ತಂತೆ. ಮರಳನ್ನೆಲ್ಲ ತೋಡಿ, ಸೋಪು ಹಾಕಿ ಉಜ್ಜಿ, ಮತ್ತೆ ತುಂಬಿದರಂತೆ. ಪಕ್ಕದ ಮನೆಯ ಬಡಗಿಯ ಹೆಂಡತಿಗೂ ಹೇಳಿದ್ದಾಯಿತು, ಆ ಸೋಮಾರಿ ಇನ್ನೂ ತೊಳೆದಿಲ್ಲವಂತೆ.

ಆ ಲೋಳೆಯೇ ಫಿಲ್ಟರಿನ ಜೀವ ಎಂದಳು ಕಾರ್ಯಕರ್ತೆ. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ನೀರಿನ ಜೊತೆ ಬರುವ ರೋಗಾಣುಗಳನ್ನು ಅವು ತಿಂದುಹಾಕುತ್ತವೆ. ಆ ಪದರ ಕಟ್ಟಲು ಕೆಲವು ವಾರಗಳೇ ಬೇಕು.

“ಕೊಳೇನೇ ನೀರನ್ನ ಶುದ್ಧ ಮಾಡುತ್ತಾ? ನನ್ನ ಕಿವಿಗೆ ಹೂ ಇಡಬೇಡಮ್ಮ,” ಎಂದರು ಅಜ್ಜಿ.

ಕಾರ್ಯಕರ್ತೆ ವಾದಕ್ಕಿಳಿಯಲಿಲ್ಲ. ಚೀಲದಿಂದ ಎರಡು ಪುಟ್ಟ ಪರೀಕ್ಷೆ ಬಾಟಲಿ ತೆಗೆದಳು. ಒಂದಕ್ಕೆ ಅಜ್ಜಿಯ ಫಿಲ್ಟರಿನ ನೀರು, ಇನ್ನೊಂದಕ್ಕೆ ಬಡಗಿಯ ಮನೆಯ ಫಿಲ್ಟರಿನ ನೀರು. ನೀರಿನಲ್ಲಿ ಹೊಲಸಿನ ರೋಗಾಣು ಇದ್ದರೆ ಬಾಟಲಿ ಕಪ್ಪಾಗುತ್ತದೆ, ನಾಡಿದ್ದು ಬಂದು ನೋಡುತ್ತೇನೆ, ಅಲ್ಲಿಯವರೆಗೆ ಎಲ್ಲರೂ ಕುದಿಸಿದ ನೀರನ್ನೇ ಕುಡಿಯಿರಿ ಎಂದು ಹೇಳಿ ಹೋದಳು.

ಅಜ್ಜಿಗೆ ಕೆಲಸದ ಮೇಲೆ ಮನಸ್ಸೇ ನಿಲ್ಲಲಿಲ್ಲ. ಒಂದು ಅಂಗಿಗೆ ಇಸ್ತ್ರಿ ಹಾಕುವುದು, ಎದ್ದು ಹೋಗಿ ಬಾಟಲಿ ನೋಡುವುದು. ಕಾರ್ಯಕರ್ತೆ ಬರುವ ದಿನ ಬೆಳಿಗ್ಗೆ ನೋಡಿದರೆ ಬಡಗಿಯ ಮನೆಯ ನೀರು ಇದ್ದ ಬಣ್ಣದಲ್ಲೇ ಇತ್ತು. ಅಜ್ಜಿಯ ಬಾಟಲಿ ಕಾಡಿಗೆಯ ಹಾಗೆ ಕಪ್ಪಾಗಿತ್ತು.

ಕಾರ್ಯಕರ್ತೆ ಬಂದಾಗ ಅಜ್ಜಿ ಬಿಡದೆ ಪ್ರಶ್ನೆ ಕೇಳಿದರು. ಆ ಜೀವಿಗಳಿಗೆ ದಿನಾ ಊಟ ಬೇಕೇ? ನಾವು ಊರಿಗೆ ಹೋದರೆ ಉಪವಾಸ ಬೀಳುತ್ತವೆಯೇ? ಬೀಳುತ್ತವೆ, ಆದ್ದರಿಂದ ದಿನವೂ ನೀರು ಹಾಕಬೇಕು ಎಂದಳು ಅವಳು. ಹರಿವು ನಿಧಾನವಾದರೆ ಮರಳಿನ ಮೇಲೆ ನಿಂತ ನೀರನ್ನಷ್ಟೇ ಮೆಲ್ಲಗೆ ಕಲಕಿ, ಕದಡಿದ್ದನ್ನು ಮೊಗೆದು ಚೆಲ್ಲಬೇಕು. ಸೋಪು ಹತ್ತಿರವೂ ಸುಳಿಯಬಾರದು. ಸೋಸಿದ ನೀರನ್ನು ನಲ್ಲಿ ಇರುವ ಮುಚ್ಚಿದ ಪಾತ್ರೆಯಲ್ಲಿಡಬೇಕು, ಕೈ ಅದ್ದಬಾರದು. ಪದರ ಮತ್ತೆ ಕಟ್ಟುವವರೆಗೆ ಕುದಿಸಿಯೇ ಕುಡಿಯಬೇಕು, ಕಟ್ಟಿದ ಮೇಲೂ ಕುದಿಸಿ ಕುಡಿದರೆ ಇನ್ನೂ ಒಳ್ಳೆಯದು.

ಅವಳು ಹೋದ ಮೇಲೆ ಅಜ್ಜಿ ಸೊಸೆಯ ಪಕ್ಕ ಬಂದು ಕೂತರು.

“ನಿನ್ನ ಕೈ ಕೊಳಕು ಅಂದೆ. ಮಗುಗೆ ಕಾಯಿಲೆ ತಂದದ್ದು ನನ್ನ ಕೈ ಕಣಮ್ಮ.”

“ಮಗು ಉಳೀತಲ್ಲ ಅತ್ತೆ,” ಎಂದು ಸೊಸೆ ಮಗುವನ್ನು ಅವರ ಮಡಿಲಿಗೆ ಹಾಕಿದಳು. ಅಜ್ಜಿ ಅತ್ತುಬಿಟ್ಟರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ನೀರನ್ನು ನಂಬಬೇಡಿ. ನಿಮ್ಮ ಮನೆಯ ಫಿಲ್ಟರ್ ಯಾವುದೇ ಇರಲಿ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದವರನ್ನು ಕೇಳಿ, ಆಮೇಲೆ ಕೈ ಹಾಕಿ. ಕೇಳಿದರೆ ನಮ್ಮ ಮಾನವೇನೂ ಹೋಗುವುದಿಲ್ಲ. ಕೇಳದೆ ಹೋದರೆ ಮಗುವಿನ ಜೀವವೇ ಹೋಗಬಹುದು.